ವಿಲ್ಮಿಂಗ್ಟನ್ 1865: ಯುದ್ಧ ಮುಗಿಯೋ ಹೊತ್ತಲ್ಲಿ ಒಬ್ಬ ಮಿಲಿಟರಿ ಸರ್ಜನ್ ಎದುರಿಸಿದ ಕೇಸ್

ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ಬರೋ "ಡಾಕ್ಟ್ರು" ಒಬ್ಬೇ ಒಬ್ಬ ವ್ಯಕ್ತಿ ಅಲ್ಲ. ಅಮೆರಿಕದ ಅಂತರ್ಯುದ್ಧದ ಕೊನೇಲಿ, 1865ರ ಫೆಬ್ರವರಿಯಿಂದ ಬೇಸಿಗೆವರೆಗೆ (ಅಲ್ಲಿ ಬೇಸಿಗೆ ಶುರುವಾಗೋದು ಜೂನ್ ಹೊತ್ತಿಗೆ), ನಾರ್ತ್ ಕೆರೊಲಿನಾ ರಾಜ್ಯದ ವಿಲ್ಮಿಂಗ್ಟನ್ ಊರಲ್ಲಿದ್ದ ಯೂನಿಯನ್ ಸೈನ್ಯದ, ಅಂದ್ರೆ ಲಿಂಕನ್ ಕಡೆಯವರ, ಸರ್ಜನ್‌ಗಳ ಪಾಡನ್ನ ಒಬ್ಬರ ಹೆಗಲಿಗೆ ಹಾಕಿ ಹೇಳ್ತಿದೀನಿ, ಕ್ಲಾಸಲ್ಲಿ ಕೇಸ್ ತಗೊಳೋವಾಗ ನಾವು ಹೀಗೇ ಮಾಡೋದು. ಊರು, ತಾರೀಕು, ಜನರಲ್‌ಗಳು, ಹಡಗು, ಕಾಯಿಲೆ ಇವೆಲ್ಲ ನಡೆದಿದ್ದೇ. ಡಾಕ್ಟ್ರ ಲೆಕ್ಕಾಚಾರ, ಅವರ ಎದುರಿಗಿದ್ದ ಆಯ್ಕೆಗಳು, ಅದನ್ನ ನಾನು ಜೋಡಿಸಿರೋದು. ಡಿಸಾಸ್ಟರ್ ಮೆಡಿಸಿನ್ ಓದೋ ಹುಡುಗ್ರಿಗೆ ಈ ಕೇಸ್ ಯಾಕೆ ಕೊಡ್ತೀನಿ ಅಂದ್ರೆ ಇದರಲ್ಲಿ ಆಪರೇಷನ್ನೇ ಹೆಚ್ಚುಕಮ್ಮಿ ಇಲ್ಲ, ಸರ್ಜನ್ ಒಬ್ಬ ಸರ್ಜರಿ ಬಿಟ್ಟು ಬೇರೆ ಎಲ್ಲಾ ಮಾಡ್ಬೇಕಾಗಿ ಬಂದ ಕಥೆ ಇದು.

ಹಿನ್ನೆಲೆ

ವಿಲ್ಮಿಂಗ್ಟನ್ ಕೇಪ್ ಫಿಯರ್ ನದಿ ದಂಡೇಲಿರೋ ಬಂದರು. 1860ರ ಜನಗಣತಿ ಪ್ರಕಾರ ಸುಮಾರು 9,500 ಜನ, ಅಷ್ಟಕ್ಕೇ ಅದು ಆ ರಾಜ್ಯದ ದೊಡ್ಡ ಊರು. ಪೈನ್ ಮರದ ಟಾರು, ಟರ್ಪೆಂಟೈನ್ ಅದರ ವ್ಯಾಪಾರ. ಯುದ್ಧ ಶುರುವಾಗಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆಲ್ಲ ದಿಗ್ಬಂಧನ ಹಾಕಿದ್ಮೇಲೆ, ನಸಾವು, ಬರ್ಮುಡಾ ಅನ್ನೋ ಬ್ರಿಟಿಷ್ ದ್ವೀಪ ಬಂದರುಗಳ ಕಡೆಯಿಂದ ರಾತ್ರೋರಾತ್ರಿ ಕಳ್ಳದಾರೀಲಿ ನುಗ್ಗೋ ಹಡಗುಗಳು ಕೊನೇವರೆಗೂ ಹೆಚ್ಚಾಗಿ ಬಂದಿದ್ದು ಇಲ್ಲಿಗೇ, ಹೊರಗೆ ಹೋಗ್ತಿದ್ದಿದ್ದು ಹತ್ತಿ, ಒಳಗೆ ಬರ್ತಿದ್ದಿದ್ದು ಬಂದೂಕು, ಬೂಟು, ಔಷಧಿ. (ಇದೇ ದಿಗ್ಬಂಧನದಿಂದಾಗಿ ಇಂಗ್ಲೆಂಡಿನ ಮಿಲ್ಲುಗಳಿಗೆ ಅಮೆರಿಕದ ಹತ್ತಿ ನಿಂತುಹೋಗಿ ನಮ್ಮ ಧಾರವಾಡ ಸೀಮೆ ಹತ್ತಿಗೆ ರೇಟು ಆಕಾಶಕ್ಕೆ ಹೋಗಿದ್ದು, 1865ರಲ್ಲಿ ಯುದ್ಧ ಮುಗೀತು ಅಂದ ಕೂಡ್ಲೇ ಬಾಂಬೆ ಮಾರ್ಕೆಟ್ ಕುಸಿದಿದ್ದು. ನಮಗೂ ಈ ಊರಿಗೂ ಸಂಬಂಧ ಇಲ್ಲ ಅಂತೇನಿಲ್ಲ.)

ನದಿ ಬಾಯಲ್ಲಿದ್ದ ಫೋರ್ಟ್ ಫಿಶರ್ ಕೋಟೆ 1865ರ ಜನವರಿ 15ಕ್ಕೆ ಬಿತ್ತು. ಫೆಬ್ರವರಿ 22ಕ್ಕೆ ಯೂನಿಯನ್ ಸೈನ್ಯ ಊರೊಳಗೆ ಬಂತು. ಬಿಟ್ಟು ಹೋಗೋ ಮುಂಚೆ ಕಾನ್ಫೆಡರೇಟ್, ಅಂದ್ರೆ ಬೇರೆಯಾಗೋಕೆ ಹೊರಟ ದಕ್ಷಿಣದ ರಾಜ್ಯಗಳ ಕಡೆಯ, ಜನರಲ್ ಬ್ರ್ಯಾಗ್ ಹತ್ತಿ, ತಂಬಾಕು, ಟರ್ಪೆಂಟೈನ್ ಎಲ್ಲಾ ಸುಡಿಸಿಬಿಟ್ಟ. ಬಂದ ಸೈನ್ಯದಲ್ಲಿ ಕಪ್ಪು ಸೈನಿಕರ ರೆಜಿಮೆಂಟ್‌ಗಳೂ ಇದ್ವು, ಅದರಲ್ಲಿ ಕೆಲವರು ಇದೇ ಸುತ್ತಮುತ್ತ ಗುಲಾಮರಾಗಿದ್ದೋರು. ಬೀದೀಲಿ ಕಪ್ಪು ಜನ ಕುಣೀತಿದ್ರೆ ಬಿಳಿಯರ ಮನೆ ಬಾಗಿಲುಗಳು ಹಾಕಿಕೊಂಡಿದ್ವು. ಊರಿನ ಆಡಳಿತ ಬ್ರಿಗೇಡಿಯರ್ ಜನರಲ್ ಜೋಸೆಫ್ ಹಾಲಿ ಕೈಗೆ ಬಂತು.

ನಮ್ಮ ಡಾಕ್ಟ್ರು ಇದರಲ್ಲಿ ಎಲ್ಲಿ? ರೆಜಿಮೆಂಟಿನ ಸರ್ಜನ್, ಮೇಜರ್ ದರ್ಜೆ. ಮೂರು ನಾಲ್ಕು ವರ್ಷದ ಯುದ್ಧದಲ್ಲಿ ಕೈ ಪಳಗಿದೆ, ಕ್ಲೋರೋಫಾರ್ಮ್ ಕೊಟ್ಟು ಕಾಲು ಕತ್ತರಿಸೋದು ಅವರಿಗೆ ದಿನಚರಿ. ಗ್ಯಾಂಗ್ರೀನ್ ಹಿಡಿದ ಗಾಯಕ್ಕೆ ಬ್ರೋಮಿನ್ ಹಾಕ್ಬೇಕು ಅನ್ನೋದು ಈ ಯುದ್ಧದಲ್ಲೇ ಕಲಿತಿದ್ದು. ಕ್ರಿಮಿ ಸಿದ್ಧಾಂತ ಇನ್ನೂ ಬಂದಿಲ್ಲ, ಸರ್ಜನ್ ಜೋಸೆಫ್ ಲಿಸ್ಟರ್ ಗ್ಲ್ಯಾಸ್ಗೋದಲ್ಲಿ ಕಾರ್ಬೋಲಿಕ್ ಆಸಿಡ್ ಮೊದಲ ಸಲ ಗಾಯಕ್ಕೆ ಹಚ್ಚೋದು ಇದೇ ವರ್ಷ ಆಗಸ್ಟಲ್ಲಿ, ಅಂದ್ರೆ ಈ ಕೇಸ್ ಮುಗಿದ್ಮೇಲೆ. ಜ್ವರ ಬರೋದು ಕೆಟ್ಟ ಗಾಳಿಯಿಂದ, ಜನ ಒತ್ತೊತ್ತಾಗಿರೋದ್ರಿಂದ ಅಂತ ಡಾಕ್ಟ್ರ ನಂಬಿಕೆ. ಈ ನಂಬಿಕೆ ತಪ್ಪೇ, ಆದ್ರೆ ಮುಂದೆ ನೋಡಿ, ಇದೇ ತಪ್ಪು ನಂಬಿಕೆ ಒಂದು ಕಡೆ ಜೀವ ಉಳಿಸುತ್ತೆ.

ಮೊದಲ ವಾರದ ಸಣ್ಣ ನಿರ್ಧಾರ

ಊರು ಹಿಡಿದಾಗ ಕಾನ್ಫೆಡರೇಟ್ ಆಸ್ಪತ್ರೆಗಳಲ್ಲಿ ಓಡೋಕಾಗದ ರೋಗಿಗಳು ಉಳ್ಕೊಂಡಿದ್ರು. ಇವರನ್ನ ಏನು ಮಾಡೋದು ಅನ್ನೋದಕ್ಕೆ ಡಾಕ್ಟ್ರ ಹತ್ರ ಬರಹದಲ್ಲೇ ಉತ್ತರ ಇತ್ತು. 1863ರ ಏಪ್ರಿಲ್‌ನಲ್ಲಿ ಹೊರಡಿಸಿದ ಜನರಲ್ ಆರ್ಡರ್ 100, ಲೀಬರ್ ಕೋಡ್ ಅಂತಾರಲ್ಲ ಅದು. ಸೆರೆ ಸಿಕ್ಕ ಗಾಯಾಳು ಶತ್ರುವಿಗೂ ಚಿಕಿತ್ಸೆ ಕೊಡ್ಬೇಕು ಅಂತ 79ನೇ ವಿಧಿ ಹೇಳುತ್ತೆ. ಶತ್ರು ಸೈನ್ಯದ ವೈದ್ಯರನ್ನ, ನರ್ಸ್‌ಗಳನ್ನ, ಕಮಾಂಡರ್‌ಗೆ ವಿಶೇಷ ಕಾರಣ ಇಲ್ದಿದ್ರೆ, ಯುದ್ಧಖೈದಿ ಅಂತ ಹಿಡೀಬಾರ್ದು ಅಂತ 53ನೇದು. ಅಮೆರಿಕ ಜಿನೀವಾ ಒಪ್ಪಂದಕ್ಕೆ ಸೇರಿದ್ದು 1882ರಲ್ಲಿ, ಅದಕ್ಕೂ ಎಷ್ಟೋ ಮುಂಚೆ ಇದು.

ಹಾಗಾಗಿ ಉಳ್ಕೊಂಡಿರೋ ಶತ್ರು ಡಾಕ್ಟ್ರಿಗೆ ಅವರ ವಾರ್ಡಲ್ಲೇ ಕೆಲಸ ಮುಂದುವರೆಸೋಕೆ ಬಿಡೋದೇ ಸರಿ. ಕೇಳೋಕೆ ಸಣ್ಣ ವಿಷಯ. ಆದ್ರೆ ಆ ಊರಲ್ಲಿ ಯಾವ ಬಾವಿ ನೀರು ಕುಡಿಯೋ ಹಾಗಿದೆ, 1862ರಲ್ಲಿ ಹಳದಿ ಜ್ವರ ಬಂದು ನೂರಾರು ಜನ ಸತ್ತಾಗ ಯಾವ ಬೀದೀಲಿ ಶುರುವಾಯ್ತು, ಯಾರ ಮನೇಲಿ ದೊಡ್ಡ ಹಂಡೆ ಇದೆ, ಇದೆಲ್ಲ ಗೊತ್ತಿರೋದು ಊರಿನವನಿಗೆ. ಒಂದು ಊರನ್ನ ಹಿಡ್ಕೊಂಡ ಸೈನ್ಯಕ್ಕೆ ನಕ್ಷೆ ಇರುತ್ತೆ, ಇಂಥ ಮಾಹಿತಿ ಇರಲ್ಲ.

ಸಮಸ್ಯೆ ಬಂದಿದ್ದು ನದಿ ದಾಟಿ

ಡಾಕ್ಟ್ರ ತಯಾರಿ ಎಲ್ಲಾ ಮುಂದಿನ ಕಾಳಗಕ್ಕೆ. ಬ್ಯಾಂಡೇಜು, ಸ್ಪ್ಲಿಂಟು, ಕ್ಲೋರೋಫಾರ್ಮ್. ಬಂದಿದ್ದು ಬೇರೆ.

1864ರಲ್ಲಿ ಹೆಚ್ಚೂಕಮ್ಮಿ ನಿಂತುಹೋಗಿದ್ದ ಖೈದಿಗಳ ವಿನಿಮಯ 1865ರ ಶುರುವಲ್ಲಿ ಮತ್ತೆ ಶುರುವಾಯ್ತು. ಕಾನ್ಫೆಡರೇಟ್ ಕಡೆಯವರು ಫೆಬ್ರವರಿ 26ರಿಂದ ಹಿಡಿದು ಮಾರ್ಚ್ ಮೊದಲ ದಿನಗಳವರೆಗೆ, ಊರಿಂದ ಉತ್ತರಕ್ಕೆ ಒಂಬತ್ತು ಹತ್ತು ಮೈಲಿ ದೂರದಲ್ಲಿ ನಾರ್ತ್‌ಈಸ್ಟ್ ಕೇಪ್ ಫಿಯರ್ ನದಿ ದಾಟೋ ಜಾಗದಲ್ಲಿ, 8,000ಕ್ಕೂ ಹೆಚ್ಚು ಯೂನಿಯನ್ ಖೈದಿಗಳನ್ನ ಒಪ್ಪಿಸಿದ್ರು. ಊರಿನ ಜನಸಂಖ್ಯೆಗೆ ಹತ್ತಿರ ಹತ್ತಿರ ಅಷ್ಟೇ ಜನ, ಕೆಲವೇ ದಿನದಲ್ಲಿ. ಸಾಲಿಸ್‌ಬರಿ, ಫ್ಲಾರೆನ್ಸ್ ಅನ್ನೋ ಕಾನ್ಫೆಡರೇಟ್ ಜೈಲುಗಳಿಂದ ಬಂದೋರು, ಅದರಲ್ಲಿ ಎಷ್ಟೋ ಜನ ಅದಕ್ಕೂ ಮುಂಚೆ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿದ್ದೋರು. ಆಂಡರ್ಸನ್‌ವಿಲ್ ಅಂದ್ರೆ ಗೊತ್ತಲ್ಲ, 45,000 ಜನರನ್ನ ಹಾಕಿ ಹತ್ತಿರ ಹತ್ತಿರ 13,000 ಜನ ಸತ್ತ ಬಯಲು ಜೈಲು.

ಈ ಕಡೆ ಸೈನಿಕರು ಹಸಿರೆಲೆ ಕಮಾನು ಕಟ್ಟಿ ಬ್ಯಾಂಡ್ ಬಾರಿಸಿ ಬರಮಾಡ್ಕೊಂಡ್ರು. ಕಮಾನಿನ ಕೆಳಗೆ ನಡ್ಕೊಂಡು ಬಂದೋರು ಒಂದಷ್ಟು ಜನ, ಹೊತ್ತುಕೊಂಡು ಬರ್ಬೇಕಾದೋರು ಒಂದಷ್ಟು. ಮೈಮೇಲೆ ಚಿಂದಿ, ಚಿಂದಿ ತುಂಬ ಹೇನು. ಸ್ಕರ್ವಿಯಿಂದ (ವಿಟಮಿನ್ ಸಿ ಇಲ್ದೇ ಬರೋ ಕಾಯಿಲೆ) ಒಸಡು ಕೊಳೆತು ಹಲ್ಲು ಉದುರ್ತಿದೆ, ತಿಂಗಳುಗಟ್ಟಲೆ ನಿಲ್ಲದ ಭೇದಿ, ಚಳಿಗೆ ಸತ್ತುಹೋಗಿ ಕಪ್ಪಾದ ಪಾದ, ಕೆಲವರಿಗೆ ಬೆರಳುಗಳು ತಾವಾಗೇ ಕಳಚಿ ಬಿದ್ದಿವೆ. ಕೆಲವರಿಗೆ ತಮ್ಮ ರೆಜಿಮೆಂಟ್ ಯಾವುದು ಅಂತ ಹೇಳೋಷ್ಟೂ ಬುದ್ಧಿ ಸ್ಥಿಮಿತದಲ್ಲಿಲ್ಲ. ಇವರ ಮೇಲೆ ಕತ್ತಿ ಹಿಡಿದ್ರೆ ಟೇಬಲ್ ಮೇಲೇ ಹೋಗ್ತಾರೆ ಅಂತ ಅನುಭವ ಇರೋ ಸರ್ಜನ್‌ಗೆ ನೋಡಿದ ತಕ್ಷಣ ಗೊತ್ತಾಗುತ್ತೆ.

ಮೊದಲ ತಿರುವು ಇಲ್ಲೇ, ಊಟದ ವಿಷಯದಲ್ಲಿ. ಹಸಿದು ಬಂದ ತಮ್ಮವರನ್ನ ನೋಡಿ ಕರುಳು ಚುರುಕ್ ಅಂದ ಸೈನಿಕರು ತಮ್ಮ ಚೀಲದಲ್ಲಿದ್ದ ಹಾರ್ಡ್‌ಟ್ಯಾಕ್ ಬಿಸ್ಕತ್ತು, ಉಪ್ಪು ಹಂದಿಮಾಂಸ, ಕಾಫಿ ಕೈಗೆ ಕೊಡ್ತಾರೆ, ಯಾರು ತಾನೇ ಕೊಡಲ್ಲ ಹೇಳಿ. ಬಿಡುಗಡೆಯಾದ ಖೈದಿಗಳು ಹೊಟ್ಟೆ ಬಿರಿಯ ತಿಂದು ಅದೇ ರಾತ್ರಿ ಅಥವಾ ಮಾರನೇ ದಿನ ಸಾಯೋದು ಆ ಯುದ್ಧದಲ್ಲಿ ಡಾಕ್ಟ್ರುಗಳು ಕಣ್ಣಾರೆ ಕಂಡಿದ್ದು. ಇವತ್ತು ನಾವು ಅದಕ್ಕೆ ರಿಫೀಡಿಂಗ್ ಸಿಂಡ್ರೋಮ್ ಅಂತೀವಿ: ದೀರ್ಘಕಾಲ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಹಿಟ್ಟು ಸಕ್ಕರೆ ಹೋದ್ರೆ ಇನ್ಸುಲಿನ್ ಏರಿ ರಕ್ತದಲ್ಲಿರೋ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲಾ ಜೀವಕೋಶದೊಳಗೆ ಎಳ್ಕೊಂಡು ಹೋಗುತ್ತೆ, ಹೃದಯ ಕೈಕೊಡುತ್ತೆ. ಈಗಾದ್ರೆ ಮೊದ್ಲು ಥಯಾಮಿನ್, ಅಂದ್ರೆ ವಿಟಮಿನ್ ಬಿ1 ಕೊಟ್ಟು, ಕ್ಯಾಲೊರಿ ಕಡಿಮೆಯಿಂದ ಶುರುಮಾಡಿ, ದಿನಾ ರಕ್ತ ಪರೀಕ್ಷೆ ಮಾಡ್ತಾ ನಿಧಾನಕ್ಕೆ ಏರಿಸ್ತೀವಿ. ಡಾಕ್ಟ್ರಿಗೆ ಇದ್ಯಾವುದೂ ಗೊತ್ತಿಲ್ಲ, ಗೊತ್ತಿರೋದು ಇಷ್ಟೇ: ಸ್ವಲ್ಪ ಸ್ವಲ್ಪ ಕೊಡು, ತೆಳ್ಳಗೆ ಕೊಡು.

ಅದನ್ನ ಜಾರಿ ಮಾಡೋದು ಹೇಗೆ? ಕಾವಲು ಹಾಕಿ "ಯಾರೂ ಊಟ ಕೊಡಬಾರ್ದು" ಅನ್ನಬಹುದು, ಆದ್ರೆ ಕಾವಲಿನವನೇ ಮೊದ್ಲು ಜೇಬಿಂದ ಬಿಸ್ಕತ್ತು ತೆಗೀತಾನೆ. ಇನ್ನೊಂದು ದಾರಿ ಅಂದ್ರೆ ನದಿ ದಾಟಿದ ತಕ್ಷಣ, ರೆಜಿಮೆಂಟ್‌ಗಳ ಸಾಲು ಸಿಗೋ ಮುಂಚೇನೇ, ದೊಡ್ಡ ಹಂಡೆಗಳಲ್ಲಿ ಸಾರು ಇಟ್ಟುಬಿಡೋದು, ಬಂದೋನ ಕೈಗೆ ಮೊದ್ಲು ಬಿಸಿ ಲೋಟ ಸಿಗ್ಬೇಕು, ಬಿಸ್ಕತ್ತಲ್ಲ. ಹುಡುಗ್ರಿಗೆ ನಾನು ಕೇಳೋ ಮೊದಲನೇ ಪ್ರಶ್ನೆ ಇದೇ, ನಿಮ್ಮಲ್ಲಿ ನಾಲ್ಕು ಜನ ಮಾತ್ರ ಇದ್ರೆ ಕಾವಲಿಗೆ ಹಾಕ್ತೀರೋ ಅಡುಗೆಗೆ ಹಾಕ್ತೀರೋ. ನನ್ನ ಪ್ರಕಾರ ಅಡುಗೆಗೇ. ಕರುಣೆನ ತಡೆಯೋದಕ್ಕಿಂತ ಅದರ ದಾರಿ ತಿರುಗಿಸೋದು ಸುಲಭ.

ಚರ್ಚು, ಟೆಂಟು, ಹೇನು

ಈಗ ಇವರನ್ನೆಲ್ಲ ಎಲ್ಲಿ ಮಲಗಿಸೋದು. ಊರಿನ ಆಸ್ಪತ್ರೆಗಳು ತುಂಬಿ, ದೊಡ್ಡ ಮನೆಗಳು ತುಂಬಿ, ಗೋದಾಮುಗಳು ತುಂಬಿದ್ವು. ಆಗ ಸೇಂಟ್ ಜೇಮ್ಸ್ ಚರ್ಚ್ ವಿಷಯ ಬಂತು. ಅಲ್ಲಿನ ಪಾದ್ರಿಗೆ, ಪ್ರಾರ್ಥನೇಲಿ ಅಮೆರಿಕದ ಅಧ್ಯಕ್ಷರಿಗೋಸ್ಕರ ಪ್ರಾರ್ಥಿಸ್ಬೇಕು ಅಂತ ಮಿಲಿಟರಿಯವರು ಹೇಳಿದ್ರು, ಅವರು ಒಪ್ಪಲಿಲ್ಲ. ಚರ್ಚ್‌ನ ವಶಕ್ಕೆ ತಗೊಂಡು, ಬೆಂಚುಗಳನ್ನ ಗುದ್ದಲಿ ಪಿಕಾಸಿಲಿ ಕಿತ್ತು ಹೊರಗೆ ಹಾಕಿ, ಆಸ್ಪತ್ರೆ ಮಾಡಿದ್ರು.

ಕಾನೂನು ಇದಕ್ಕೆ ಅವಕಾಶ ಕೊಡುತ್ತೆ. ಲೀಬರ್ ಕೋಡಿನ 34ನೇ ವಿಧಿ, ಚರ್ಚು ಆಸ್ಪತ್ರೆಗಳ ಆಸ್ತಿ ಸರ್ಕಾರಿ ಆಸ್ತಿ ಅಲ್ಲ, ಆದ್ರೆ ಸಾರ್ವಜನಿಕ ಅಗತ್ಯ ಬಿದ್ರೆ ಉಪಯೋಗಿಸ್ಕೋಬಹುದು ಅನ್ನುತ್ತೆ. ಅಗತ್ಯನೂ ನಿಜವಾಗ್ಲೂ ಇತ್ತು. ನನ್ನ ತಕರಾರು ಬೇರೆ. ರೋಗಿಗಳಿಗೆ ಜಾಗ ಬೇಕು ಅಂತ ತಗೊಂಡಿದ್ದು ಮತ್ತೆ ಪಾದ್ರಿಗೆ ಬುದ್ಧಿ ಕಲಿಸ್ಬೇಕು ಅಂತ ತಗೊಂಡಿದ್ದು ಎರಡೂ ಒಂದೇ ಆರ್ಡರಲ್ಲಿ ಸೇರಿಹೋಯ್ತು. ಊರಿನವರ ಕಣ್ಣಿಗೆ ಕಂಡಿದ್ದು ಎರಡನೇದು ಮಾತ್ರ, ಆ ಚರ್ಚಿನ ಇತಿಹಾಸದಲ್ಲಿ ಇವತ್ತಿಗೂ ಆ ಪಿಕಾಸಿಗಳ ಕಥೆ ಹೇಳ್ತಾರೆ, ಒಳಗೆ ಮಲಗಿದ್ದೋರ ಕಥೆ ಅಷ್ಟು ಕೇಳಿಬರಲ್ಲ. ಡಾಕ್ಟ್ರಿಗೆ ಆ ಊರಿನ ಹೆಂಗಸರಿಂದ ಹಾಲು, ಹಳೇ ಬಟ್ಟೆ, ಗಂಜಿ ಬೇಕಿತ್ತು, ಸೇವೆಗೆ ಕೈಗಳು ಬೇಕಿತ್ತು. ಬೀಗದ ಕೈನ ಡಾಕ್ಟ್ರೇ ಹೋಗಿ ಕೇಳಿ, ರಸೀದಿ ಬರ್ಕೊಟ್ಟು, ಬೆಂಚುಗಳನ್ನ ಒಂದು ಶೆಡ್ಡಲ್ಲಿ ಜೋಡಿಸಿಟ್ಟಿದ್ರೆ ಪ್ರಾರ್ಥನೆ ಜಗಳ ಪಾಡಿಗೆ ಅದು ನಡೀತಿತ್ತು, ಆಸ್ಪತ್ರೆ ಪಾಡಿಗೆ ಆಸ್ಪತ್ರೆ.

ಅಷ್ಟರಲ್ಲಿ ಜ್ವರ ಶುರುವಾಯ್ತು. ವಿಪರೀತ ತಲೆನೋವು, ಸುಡೋ ಮೈ, ಐದಾರು ದಿನಕ್ಕೆ ಮೈಮೇಲೆ ಚುಕ್ಕೆ ಚುಕ್ಕೆ ದದ್ದು, ಆಮೇಲೆ ಏನೇನೋ ಬಡಬಡಿಸೋದು. ಜೈಲು ಜ್ವರ, ಟೈಫಸ್. ಇದನ್ನ ಹರಡೋದು ಮೈ ಹೇನು ಅಂತ ಶಾರ್ಲ್ ನಿಕೋಲ್ ಟ್ಯುನಿಸ್‌ನಲ್ಲಿ ತೋರಿಸಿದ್ದು 1909ರಲ್ಲಿ, ಅದಕ್ಕೆ ನೊಬೆಲ್ ಬಂದಿದ್ದು 1928ರಲ್ಲಿ. ಮೈ ಹೇನು ತಲೆ ಹೇನಿನ ಥರ ಅಲ್ಲ, ಅದು ಇರೋದು ಬಟ್ಟೆ ಹೊಲಿಗೆಗಳಲ್ಲಿ. ಹೇನಿಗೆ ಜ್ವರದ ಮೈ ಬಿಸಿ ಆಗಲ್ಲ, ಹೆಣದ ತಣ್ಣಗಿನ ಮೈನೂ ಆಗಲ್ಲ, ಎರಡೂ ಸಲ ಬಿಟ್ಟು ಪಕ್ಕದವನ ಮೇಲೆ ಹೋಗುತ್ತೆ, ಕೆರ್ಕೊಂಡಾಗ ಅದರ ಹಿಕ್ಕೆ ಚರ್ಮದೊಳಗೆ ಸೇರುತ್ತೆ. ಅಂದ್ರೆ ಚಿಂದಿ ಸಮೇತ ಒಬ್ಬರ ಪಕ್ಕ ಒಬ್ಬರನ್ನ ಮುಚ್ಚಿದ ಕಟ್ಟಡದಲ್ಲಿ ಮಲಗಿಸೋದು ಟೈಫಸ್‌ಗೆ ಚಪ್ಪರ ಹಾಕಿ ಕರೆದ ಹಾಗೆ.

ಸೇವೆ ಮಾಡ್ತಿದ್ದೋರಿಗೇ ತಗುಲಿತು. ಸರ್ಜನ್‌ಗಳು, ಒಬ್ಬ ರೆಜಿಮೆಂಟ್ ಪಾದ್ರಿ, ನರ್ಸ್‌ಗಳು, ಇವರಲ್ಲಿ ಕೆಲವರು ಅದೇ ಮಾರ್ಚಲ್ಲಿ ತೀರ್ಕೊಂಡ್ರು. ಜನರಲ್ ಹಾಲಿ ಹೆಂಡತಿ ಹ್ಯಾರಿಯೆಟ್ ಹಾಲಿ ಅಲ್ಲಿಗೆ ಬಂದು ಇದೇ ರೋಗಿಗಳ ಸೇವೆ ಮಾಡ್ದೋರು.

ಈಗ ಡಾಕ್ಟ್ರು ಏನು ಮಾಡಬಹುದು. ಕ್ವಿನೈನ್ ಇದೆ, ಮಲೇರಿಯಾಗೆ ಸರಿ, ಇದಕ್ಕೆ ಕೆಲಸ ಮಾಡಲ್ಲ. ಬ್ರಾಂಡಿ, ಅಫೀಮು ಇದೆ. ಟರ್ಪೆಂಟೈನ್ ಎಣ್ಣೆ ಆಗ ಜ್ವರಕ್ಕೆ ಕೊಡೋ ಔಷಧಿ, ಟರ್ಪೆಂಟೈನ್ ಊರಲ್ಲೇ ಕೂತಿದಾರೆ, ಆದ್ರೂ ಅದರಿಂದ ಏನೂ ಆಗಲ್ಲ. ಪಾದರಸದ ಕ್ಯಾಲೊಮೆಲ್‌ನ 1863ರಲ್ಲೇ ಸರ್ಜನ್ ಜನರಲ್ ಹ್ಯಾಮಂಡ್ ಸೈನ್ಯದ ಔಷಧಿ ಪಟ್ಟಿಯಿಂದ ತೆಗೆಸಿದ್ರು, ಅದೊಂದು ಪುಣ್ಯ. ಪೆಟ್ಟಿಗೇಲಿರೋ ಯಾವ ಸೀಸೆಯಿಂದಲೂ ಉಪಯೋಗ ಇಲ್ಲ ಅಂತ ಒಪ್ಕೊಳೋದು ಕಷ್ಟ, ಅದರಲ್ಲೂ ಇಷ್ಟು ದಿನ ಕೈ ಚಳಕದಿಂದ ಹೆಸರು ಮಾಡಿದೋರಿಗೆ.

ಕೆಟ್ಟ ಗಾಳಿ ಸಿದ್ಧಾಂತ ಇಲ್ಲಿ ಕೈ ಹಿಡೀತು. ಗಾಳಿ ಕೆಟ್ಟಿದ್ರಿಂದ ಜ್ವರ ಅಂತ ನಂಬಿದ್ರೆ ಜನರನ್ನ ಕಟ್ಟಡದಿಂದ ಹೊರಗೆ ಟೆಂಟಿಗೆ ಹಾಕ್ತೀರ, ಹಾಸಿಗೆ ನಡುವೆ ಅಂತರ ಬಿಡ್ತೀರ, ವಾಸನೆ ಹೊಡೆಯೋ ಬಟ್ಟೆ ಸುಡ್ತೀರ, ಮೈ ತೊಳೀತೀರ. ಕಾರಣ ತಪ್ಪು, ಕೆಲಸ ಎಲ್ಲಾ ಸರಿ. ಕಟ್ಟಡಕ್ಕಿಂತ ಟೆಂಟಲ್ಲಿ ಗಾಯಾಳುಗಳು ಚೆನ್ನಾಗಿ ಉಳೀತಾರೆ ಅನ್ನೋದು ಆ ಯುದ್ಧದ ಡಾಕ್ಟ್ರುಗಳಿಗೆ ಆಗ್ಲೇ ಅನುಭವಕ್ಕೆ ಬಂದಿದ್ದ ವಿಷಯ, ಹಾಗಾಗಿ ಹೊಸ ಕಟ್ಟಡ ಹುಡುಕೋದಕ್ಕಿಂತ ಟೆಂಟು, ಬಟ್ಟೆ, ಹಂಡೆ, ಸೋಪು ಕೇಳಿ ಇಂಡೆಂಟ್ ಹಾಕೋದು ಈ ಕೇಸಿನ ಅತ್ಯುತ್ತಮ ನಿರ್ಧಾರ ಅಂತ ನನ್ನ ಲೆಕ್ಕ.

ಅದರ ಹಿಂದೆ ಬರೋ ಪ್ರಶ್ನೆ, ಒಗೆಯೋರು ಯಾರು? ಸಾವಿರಾರು ಜನರ ಕಂಬಳಿ, ಅಂಗಿ ಕುದಿಸಿ ಒಗೀಬೇಕು, ದಿನಾ. ಆ ಕೆಲಸ ಬಿದ್ದಿದ್ದು ನಿನ್ನೆ ಮೊನ್ನೆವರೆಗೂ ಗುಲಾಮರಾಗಿದ್ದ ಹೆಂಗಸರ ಮೇಲೆ. ಯೂನಿಯನ್ ಆಸ್ಪತ್ರೆಗಳಲ್ಲಿ ಒಗೆಯೋದು, ಅಡುಗೆ, ರೋಗಿಗಳ ಆರೈಕೆ ಮಾಡ್ತಿದ್ದೋರು ಎಷ್ಟೋ ಕಡೆ ಇವರೇ. ಟೈಫಸ್ ದೃಷ್ಟಿಯಿಂದ ನೋಡಿದ್ರೆ ಅತಿ ಹೆಚ್ಚು ಜೀವ ಉಳಿಸಿದ್ದು ಕುದಿಯೋ ಹಂಡೆ ಮುಂದೆ ನಿಂತ ಇವರು, ಅತಿ ಹೆಚ್ಚು ಅಪಾಯದಲ್ಲಿದ್ದಿದ್ದೂ ಇವರೇ, ಯಾಕಂದ್ರೆ ಕುದಿಸೋ ಮುಂಚೆ ಆ ಹೇನಿನ ಬಟ್ಟೆ ಎತ್ತಿ ಹಾಕೋರು ಇವರು ತಾನೇ. ಇವರ ಹೆಸರು ಬಹುಪಾಲು ಎಲ್ಲೂ ಇಲ್ಲ. ಡಾಕ್ಟ್ರು ಇವರನ್ನ ಸಿಬ್ಬಂದಿ ಅಂತ ರೇಷನ್ ಪಟ್ಟಿಗೆ ಸೇರಿಸ್ತಾರೋ, ಕೂಲಿ ಅಂತ ದಿನಕ್ಕೆ ಕರೀತಾರೋ ಅನ್ನೋದು ಸಣ್ಣ ಕಾಗದದ ವಿಷಯ ಅಲ್ಲ. ಸಿಬ್ಬಂದಿ ಅಂದ್ರೆ ಕಾಯಿಲೆ ಬಿದ್ದಾಗ ವಾರ್ಡಲ್ಲಿ ಹಾಸಿಗೆ ಸಿಗುತ್ತೆ.

ಹಡಗಿನ ನಿರ್ಧಾರ

ಊರು ತುಂಬಿದೆ, ಜ್ವರ ಇದೆ, ಸರಬರಾಜು ಸಾಲ್ತಿಲ್ಲ. ಸಹಜವಾಗಿ ಮೇಲಿನವರಿಂದ ಒತ್ತಡ, ನಡೆಯೋ ಹಾಗಿರೋರನ್ನ ಹಡಗು ಹತ್ತಿಸಿ ಮೇರಿಲ್ಯಾಂಡಿನ ಅನಾಪೊಲಿಸ್‌ಗೆ ಕಳಿಸಿ ಅಂತ. ಅಲ್ಲಿ ಬಿಡುಗಡೆಯಾದ ಖೈದಿಗಳಿಗೆ ಅಂತಲೇ ಕ್ಯಾಂಪು, ಆಸ್ಪತ್ರೆ, ಹೊಸ ಬಟ್ಟೆ ಇದೆ. ಸಮುದ್ರದ ಮೇಲೆ ಕೆಲವೇ ದಿನದ ದಾರಿ.

ಯಾರು ಹೋಗಬಹುದು ಅಂತ ಗುರುತು ಹಾಕೋನು ಸರ್ಜನ್. ಈ ಕೇಸಲ್ಲಿ ಅತಿ ಕಷ್ಟದ ಕೆಲಸ ಇದು. ಇಲ್ಲೇ ಇಟ್ಕೊಂಡ್ರೆ ಜ್ವರ ತಗುಲುತ್ತೆ. ಕಳಿಸಿದ್ರೆ ಹಡಗಿನ ಕೆಳಗಿನ ಅಂತಸ್ತಲ್ಲಿ ಒತ್ತಿ ತುಂಬ್ತಾರೆ, ಗಾಳಿ ಇಲ್ಲ, ಭೇದಿ ಇರೋನು ಏಣಿ ಹತ್ತಿ ಮೇಲೆ ಬರೋಕಾಗಲ್ಲ. ಖೈದಿಗಳನ್ನ ಕೇಳಿದ್ರೆ ಎಲ್ಲಾರದ್ದೂ ಒಂದೇ ಮಾತು, ಮನೆಗೆ ಹೋಗ್ಬೇಕು. ನಿಲ್ಲೋಕಾಗದೋನು ಗೋಡೆ ಹಿಡ್ಕೊಂಡು ನಿಂತು ನಾನು ಗಟ್ಟಿ ಇದೀನಿ ಅಂತ ತೋರಿಸ್ತಾನೆ.

ಮಾರ್ಚ್ 29ಕ್ಕೆ ಜನರಲ್ ಲಯನ್ ಅನ್ನೋ ಹಡಗು ವಿಲ್ಮಿಂಗ್ಟನ್ ಬಿಡ್ತು. ಬಿಡುಗಡೆಯಾದ ಖೈದಿಗಳು, ಅವಧಿ ಮುಗಿಸಿದ ಸೈನಿಕರು, ಹೆಂಗಸರು ಮಕ್ಕಳ ಸಮೇತ ನಿರಾಶ್ರಿತರು, ಎಲ್ಲಾ ಸೇರಿ 500ಕ್ಕೂ ಹೆಚ್ಚು ಜನ. ಮಾರ್ಚ್ 31ಕ್ಕೆ ಕೇಪ್ ಹ್ಯಾಟರಸ್ ಹತ್ರ ಬಿರುಗಾಳಿ ನಡುವೆ ಹಡಗಿಗೆ ಬೆಂಕಿ ಬಿತ್ತು. ಐವತ್ತು ಜನಾನೂ ಉಳೀಲಿಲ್ಲ. ಕೆಳಗೆ ಮಲಗಿದ್ದ ರೋಗಿಗಳಿಗೆ ಮೇಲೆ ಬರೋ ದಾರಿನೇ ಇರ್ಲಿಲ್ಲ.

ಅದಾಗಿ ಒಂದು ತಿಂಗಳೊಳಗೆ, ಏಪ್ರಿಲ್ 27ಕ್ಕೆ, ಮಿಸಿಸಿಪ್ಪಿ ನದೀಲಿ ಸುಲ್ತಾನಾ ಅನ್ನೋ ದೋಣಿ ಬಾಯ್ಲರ್ ಸಿಡಿದು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ರು, ಅವರೂ ಹೆಚ್ಚಿನವರು ಬಿಡುಗಡೆಯಾಗಿ ಮನೆಗೆ ಹೊರಟ ಖೈದಿಗಳೇ. 376 ಜನರ ಪರ್ಮಿಟ್ ಇದ್ದ ದೋಣೀಲಿ 2,000ಕ್ಕಿಂತ ಹೆಚ್ಚು ಜನರನ್ನ ತುಂಬಿದ್ರು.

ಬೆಂಕಿ ಸರ್ಜನ್ ತಪ್ಪಲ್ಲ. ಆದ್ರೆ ಪ್ರಯಾಣಕ್ಕೆ ಗಟ್ಟಿ ಅಂತ ಗುರುತು ಹಾಕೋವಾಗ ಡಾಕ್ಟ್ರು ನೋಡೋದು ನಾಡಿ, ನಾಲಿಗೆ, ಕಾಲು. ತಾನಾಗೇ ಏಣಿ ಹತ್ತಿ ಮೇಲೆ ಬರ್ತಾನಾ ಅಂತ ನೋಡಿದ್ರೆ ಪಟ್ಟಿ ಅರ್ಧ ಆಗ್ತಿತ್ತು, ಆಗದೋರಿಗೆ ಮೇಲಿನ ಡೆಕ್ಕಲ್ಲಿ ಜಾಗ ಕೊಡಿ ಇಲ್ಲಾ ಮುಂದಿನ ಹಡಗಿಗೆ ಇರ್ಲಿ ಅಂತ ಹೇಳೋಕೆ ಒಂದು ಆಧಾರ ಸಿಗ್ತಿತ್ತು. ರೋಗಿ ಪ್ರಯಾಣಕ್ಕೆ ಗಟ್ಟಿ ಇದಾನಾ ಅಂತ ಕೇಳ್ತೀವಿ, ಹಡಗು ರೋಗಿಗೆ ಗಟ್ಟಿ ಇದೆಯಾ ಅಂತ ಯಾರೂ ಕೇಳಲ್ಲ. ಈಗ್ಲೂ ಅಷ್ಟೇ, ಪ್ರವಾಹದಲ್ಲಿ ಆಸ್ಪತ್ರೆ ಖಾಲಿ ಮಾಡಿಸೋವಾಗ ರೆಫರಲ್ ಚೀಟಿ ಬರೀತಾರೆ, ಆಂಬುಲೆನ್ಸಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಬರೆಯೋ ಕಾಲಮ್ಮೇ ಇರಲ್ಲ.

ಈ ಜಾಗದಲ್ಲಿ ಕ್ಲಾಸಲ್ಲಿ ಜಗಳ ಆಗುತ್ತೆ. ಕೆಲವರು ಹೇಳ್ತಾರೆ ಹಡಗುಗಳು ಬಹುಪಾಲು ಸುರಕ್ಷಿತವಾಗಿ ಸೇರಿದ್ವಲ್ಲ, ಒಂದು ದುರಂತ ಇಟ್ಕೊಂಡು ಇಡೀ ನಿರ್ಧಾರ ತಪ್ಪು ಅನ್ನೋದು ಸರಿಯಲ್ಲ, ಊರಲ್ಲೇ ಇದ್ದಿದ್ರೆ ಟೈಫಸ್‌ಗೆ ಎಷ್ಟು ಹೋಗ್ತಿದ್ರೋ. ಈ ವಾದಕ್ಕೆ ತೂಕ ಇದೆ. ನಾನು ಮಾತ್ರ ಟೆಂಟ್ ಕಡೆ, ಕಳಿಸೋದೇ ಆದ್ರೆ ಮೊದ್ಲು ಹೇನು ತೆಗೆಸಿ, ಬಟ್ಟೆ ಬದಲಾಯಿಸಿ, ಹತ್ತು ಹದಿನೈದು ದಿನ ಸಾರು ಕುಡಿಸಿ ಆಮೇಲೆ.

ಪಟ್ಟೀಲಿಲ್ಲದ ಜನ

ಇದೆಲ್ಲ ನಡೀತಿರೋವಾಗಲೇ ಇನ್ನೊಂದು ಪ್ರವಾಹ. ಯೂನಿಯನ್ ಜನರಲ್ ಶರ್ಮನ್ ಸೈನ್ಯ ದಕ್ಷಿಣದಿಂದ ಮೇಲೆ ಬರ್ತಾ ಮಾರ್ಚ್ 11ಕ್ಕೆ ಫಯೆಟ್‌ವಿಲ್ ಸೇರ್ತು. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಆ ಸೈನ್ಯದ ಹಿಂದೆ ಬಂದ ಕಪ್ಪು ಕುಟುಂಬಗಳು, ಜೊತೆಗೆ ಒಂದಷ್ಟು ಬಿಳಿ ನಿರಾಶ್ರಿತರು, ಒಟ್ಟು 20,000ದಿಂದ 30,000 ಅಂತ ಶರ್ಮನ್ ಲೆಕ್ಕ, ಕೆಲಸಕ್ಕೆ ಬಾರದ ಬಾಯಿಗಳು ಅನ್ನೋ ಅರ್ಥದಲ್ಲೇ ಬರೆದಿದಾರೆ. ಅವರಲ್ಲಿ ಸಾವಿರಾರು ಜನರನ್ನ ನದಿ ದಾರೀಲಿ, ರಸ್ತೆ ದಾರೀಲಿ ವಿಲ್ಮಿಂಗ್ಟನ್ ಕಡೆ ಕಳಿಸಿದ್ರು. ಮಕ್ಕಳು, ಬಸುರಿಯರು, ಮುದುಕರು.

ಡಾಕ್ಟ್ರ ಆರ್ಡರಲ್ಲಿ ಇರೋದು ಸೈನಿಕರ ಆರೋಗ್ಯ. ಇವರು ಸೈನಿಕರಲ್ಲ, ಹಾಗಾಗಿ ಔಷಧಿ ಪಟ್ಟೀಲಿಲ್ಲ, ರೇಷನ್ ಪಟ್ಟೀಲಿಲ್ಲ, ಸತ್ರೆ ಸಾವಿನ ಪಟ್ಟೀಲೂ ಇಲ್ಲ. ಬಿಡುಗಡೆಯಾದ ಗುಲಾಮರ ನೆರವಿಗೆ ಅಂತ ಮಾಡಿದ ಫ್ರೀಡ್‌ಮೆನ್ಸ್ ಬ್ಯೂರೋ ಅನ್ನೋ ಸರ್ಕಾರಿ ಇಲಾಖೆಯ ಕಾಯ್ದೆ ಮಾರ್ಚ್ 3ಕ್ಕೇ ಪಾಸ್ ಆಗಿತ್ತು ಕಾಗದದ ಮೇಲೆ, ಊರಿಗೆ ಆಫೀಸರ್, ಡಾಕ್ಟರ್ ಬಂದು ಕೂರೋಕೆ ತಿಂಗಳುಗಳೇ ಹಿಡೀತು. ಆ ವರ್ಷಗಳಲ್ಲಿ ಬಿಡುಗಡೆಯಾದ ಕಪ್ಪು ಜನರ ನಡುವೆ ಸಿಡುಬು ಊರಿಂದೂರಿಗೆ ಹಬ್ಬಿ ತುಂಬ ಜನರನ್ನ ತಗೊಂಡು ಹೋಯ್ತು, ಲಸಿಕೆ ಇತ್ತು, ಹಾಕೋರು ಸಾಲ್ದೇ ಹೋದ್ರು.

ಡಾಕ್ಟ್ರ ಮುಂದೆ ಎರಡು ವಾದಗಳಿದ್ವು. ಇವರೂ ಮನುಷ್ಯರು, ನೋಡ್ಕೋಬೇಕು ಅನ್ನೋದು ಒಂದು. ಇವರಿಗೆ ಲಸಿಕೆ ಹಾಕಿ ಊಟ ಕೊಡ್ದಿದ್ರೆ ನಾಳೆ ಬ್ಯಾರಕ್ಕಿಗೆ ಜ್ವರ ಬರುತ್ತೆ ಅನ್ನೋದು ಇನ್ನೊಂದು. ಸ್ಟೋರ್ ಆಫೀಸರ್ ಮುಂದೆ ನಡೆಯೋದು ಎರಡನೇದು. ಇದಕ್ಕೆ ಒಳ್ಳೆ ಪುರಾವೆನೂ ಇತ್ತು, 1862ರಲ್ಲಿ ನ್ಯೂ ಆರ್ಲಿಯನ್ಸ್ ಹಿಡಿದಾಗ ಜನರಲ್ ಬಟ್ಲರ್ ಇಡೀ ಊರಿನ ಚರಂಡಿ, ಬೀದಿ ಕ್ಲೀನ್ ಮಾಡಿಸಿ ಬರೋ ಹಡಗುಗಳಿಗೆ ಕ್ವಾರಂಟೈನ್ ಹಾಕಿದ್ರಿಂದ ಆ ಬೇಸಿಗೇಲಿ ಹಳದಿ ಜ್ವರ ಹರಡಲೇ ಇಲ್ಲ. ಆದ್ರೆ ಈ ವಾದಕ್ಕೊಂದು ಬಾಲ ಇದೆ, ಅದನ್ನ ಬಹಳ ಜನ ಗಮನಿಸಲ್ಲ: ಸೈನ್ಯಕ್ಕೆ ಅಪಾಯ ಅಂತ ಹೇಳಿ ಸೌಲಭ್ಯ ತಗೊಂಡ್ರೆ, ಸೈನ್ಯ ಹೋದ ದಿನ ಸೌಲಭ್ಯನೂ ಹೋಗುತ್ತೆ. ನಡೆದಿದ್ದೂ ಅದೇ.

ಯುದ್ಧ ಮುಗೀತು

ಏಪ್ರಿಲ್ 9ಕ್ಕೆ ಕಾನ್ಫೆಡರೇಟ್ ಸೇನಾಪತಿ ಲೀ ಶರಣಾದ. 14ರ ರಾತ್ರಿ ಲಿಂಕನ್‌ಗೆ ಗುಂಡು, 15ಕ್ಕೆ ಸಾವು. ಏಪ್ರಿಲ್ 26ಕ್ಕೆ ಡರ್ಹಂ ಹತ್ರ ಬೆನೆಟ್ ಅನ್ನೋರ ತೋಟದ ಮನೇಲಿ ಇನ್ನೊಬ್ಬ ಕಾನ್ಫೆಡರೇಟ್ ಜನರಲ್ ಜಾನ್‌ಸ್ಟನ್ ಶರ್ಮನ್‌ಗೆ ಶರಣಾದ, ನಾರ್ತ್ ಕೆರೊಲಿನಾ ಮಟ್ಟಿಗೆ ಅಲ್ಲಿಗೆ ಮುಗೀತು. ಆಸ್ಪತ್ರೆಗೆ ಇದರಿಂದ ಬಂದ ಬದಲಾವಣೆ ಒಂದೇ, ಇರೋ ಸಿಬ್ಬಂದಿಗೆಲ್ಲ ಮನೆಗೆ ಹೋಗೋ ಆತುರ. ಸ್ವಯಂಸೇವಕ ರೆಜಿಮೆಂಟ್‌ಗಳ ಡಾಕ್ಟ್ರುಗಳಿಗೆ ಊರಲ್ಲಿ ಪ್ರಾಕ್ಟೀಸ್ ಕಾಯ್ತಿದೆ, ಸಹಾಯಕ್ಕಿದ್ದ ಸೈನಿಕರಿಗೆ ಹೊಲ ಕಾಯ್ತಿದೆ. ಮೇ ತಿಂಗಳಲ್ಲಿ ಹತ್ತು ಲಕ್ಷದಷ್ಟಿದ್ದ ಸೈನ್ಯದಲ್ಲಿ ನವೆಂಬರ್ ಹೊತ್ತಿಗೆ ಎಂಟು ಲಕ್ಷ ಜನರನ್ನ ಬಿಡುಗಡೆ ಮಾಡಿ ಆಗಿತ್ತು. ಆದ್ರೆ ಹಳದಿ ಜ್ವರದ ಕಾಲ ಶುರುವಾಗೋದು ಬೇಸಿಗೇಲಿ, ಶರಣಾದ ಕಾನ್ಫೆಡರೇಟ್ ಸೈನಿಕರು ಕಾಯಿಲೆ ಹೊತ್ಕೊಂಡು ನಡ್ಕೊಂಡು ಮನೆಗೆ ಹೋಗ್ತಿದಾರೆ, ನಿರಾಶ್ರಿತರು ಹಾಗೇ ಇದಾರೆ.

ಹುಡುಗ್ರು ಈ ಭಾಗನ ಬೇಗ ಓದಿ ಮುಂದೆ ಹೋಗ್ತಾರೆ, ನಾನು ಇಲ್ಲೇ ನಿಲ್ಲಿಸ್ತೀನಿ. ಯುದ್ಧ ನಡೀತಿರೋವಾಗ ಡಾಕ್ಟ್ರಿಗೆ ಅಧಿಕಾರ ಇತ್ತು, ಕಟ್ಟಡ ತಗೋಬಹುದಿತ್ತು, ಹಡಗು ಕೇಳಬಹುದಿತ್ತು. ಯುದ್ಧ ನಿಂತ ಮೇಲೆ ರೋಗಿಗಳು ಅಷ್ಟೇ ಇದಾರೆ, ಅಧಿಕಾರ ವಾರದಿಂದ ವಾರಕ್ಕೆ ಕರಗ್ತಿದೆ. ಹಾಗಾಗಿ ಏಪ್ರಿಲ್ ಕೊನೆ ವಾರದಲ್ಲೇ, ಇನ್ನೂ ಮಾತು ನಡೆಯೋವಾಗಲೇ, ಆಸ್ಪತ್ರೆನ ಬೇರೆಯವರಿಗೆ ಒಪ್ಪಿಸೋ ತಯಾರಿ ಶುರು ಮಾಡ್ಬೇಕಿತ್ತು. ಸೈನ್ಯದ ಫಾರಂಗಳಲ್ಲಿ ಸೀಸೆ, ಕಂಬಳಿ, ಶಸ್ತ್ರದ ಪೆಟ್ಟಿಗೆ ಲೆಕ್ಕ ಒಪ್ಪಿಸಿ ಸಹಿ ತಗೊಳೋ ಕ್ರಮ ಗಟ್ಟಿಯಾಗಿತ್ತು, ಡಾಕ್ಟ್ರು ಅದನ್ನ ಮಾಡದೇ ಮನೆಗೆ ಹೋಗೋ ಹಾಗೇ ಇರ್ಲಿಲ್ಲ. ಊರಿನ ಜನರ ವಿಷಯಕ್ಕೆ ಅಂಥದ್ದೇನೂ ಇರ್ಲಿಲ್ಲ.

ಕೊನೇ ಅಸೈನ್‌ಮೆಂಟ್ ಅಂತ ಹುಡುಗ್ರಿಗೆ ಕೊಡೋದು ಆ ಇಲ್ಲದ ಫಾರಂ ಬರೆಯೋದನ್ನ. ಒಂದೇ ಪುಟ. ಯಾವ ಬೀದೀಲಿ ಸಿಡುಬು ಇದೆ, ಯಾರ್ಯಾರಿಗೆ ಲಸಿಕೆ ಆಗಿದೆ, ಹಂಡೆ ಯಾರ ಹತ್ರ ಇದೆ, ಒಗೆಯೋ ಹೆಂಗಸರಿಗೆ ಎಷ್ಟು ತಿಂಗಳ ದುಡ್ಡು ಬಾಕಿ, ಊರಿನ ಯಾವ ಡಾಕ್ಟ್ರು ಕಪ್ಪು ರೋಗಿಗಳನ್ನ ನೋಡೋಕೆ ಒಪ್ಪಿದಾರೆ ಯಾರು ಒಪ್ಪಿಲ್ಲ, ಚರ್ಚಿನ ಬೆಂಚುಗಳ ರಸೀದಿ ಯಾರ ಹತ್ರ. ಬಹಳ ಜನ ಮೊದ್ಲು ಔಷಧಿ ಪಟ್ಟಿ ಬರೆಯೋಕೆ ಶುರು ಮಾಡ್ತಾರೆ, ಅದನ್ನ ಹೊಡೆದು ಹಾಕಿ ವಾಪಸ್ ಕೊಡ್ತೀನಿ.